ಡುಬ್ಬಕ್ಕನ ಏಳು ಕಾಲು

ಅಂಜನ್ ಕುಮಾರ್ ಮಧುಗಿರಿಯಲ್ಲಿ ಹಲ್ಲಿನ ಸೆಟ್ಟು ಮಾಡುತ್ತಿದ್ದ. ಅವನು ಡಾಕ್ಟರಲ್ಲ. ಮಧುಗಿರಿ, ಕೊರಟಗೆರೆ, ಶಿರಾದ ದಂತವೈದ್ಯರು ರೋಗಿಗಳ ದವಡೆಯ ಅಳತೆ ತೆಗೆದು ಇಟ್ಟಿರುತ್ತಿದ್ದರು. ವಾರಕ್ಕೆರಡು ಸಲ ಬೈಕಿನಲ್ಲಿ ಹೋಗಿ ಅವನ್ನು ತಂದು, ಮನೆಯ ಮುಂದಿನ ಕೋಣೆಯಲ್ಲಿ ಪ್ಲಾಸ್ಟರಿನ ಅಚ್ಚು ಮಾಡಿ, ಗುಲಾಬಿ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ ಕೊಡುತ್ತಿದ್ದ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಹೆಂಡತಿ ಆಶಾರಾಣಿ ಪುರವರದ ಸರ್ಕಾರಿ ಶಾಲೆಯಲ್ಲಿ ಟೀಚರ್. ಮದುವೆಯಾಗಿ ಹದಿಮೂರು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ತುಮಕೂರು, ಬೆಂಗಳೂರಿನ ಆಸ್ಪತ್ರೆಗಳಿಗೆ ಅಲೆದದ್ದನ್ನು ಒಂದು ದಿನ ಇಬ್ಬರೂ ಮಾತಾಡಿಕೊಳ್ಳದೆಯೇ ನಿಲ್ಲಿಸಿದ್ದರು.

ಮೌನಿಕ ಅವರ ಮನೆಗೆ ಬಂದದ್ದು ಹೋದ ವರ್ಷ ಜೂನ್ ತಿಂಗಳಲ್ಲಿ. ಐದು ವರ್ಷದ ಹುಡುಗಿ. ತಾಯಿ ಪಾವಗಡದ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವಳು, ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡಿದ್ದಳು. ತಂದೆ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಹೋಟೆಲಿನವರು ಒಂದು ವಾರ ಇಟ್ಟುಕೊಂಡು ಆಮೇಲೆ ಅಧಿಕಾರಿಗಳಿಗೆ ಒಪ್ಪಿಸಿದ್ದರು. ಮಕ್ಕಳ ಮನೆಯೊಂದರಲ್ಲಿ ಐದು ತಿಂಗಳು ಇದ್ದು, ಅಲ್ಲಿಂದ ಇಲ್ಲಿಗೆ.

ಮಗುವನ್ನು ಕರೆತಂದ ಅಧಿಕಾರಿ ತೇಜಸ್ವಿನಿ ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಮುಚ್ಚುಮರೆ ಮಾಡುವವಳಲ್ಲ. "ಇದು ದತ್ತು ಅಲ್ಲ ಸಾರ್, ಸಾಕೋದಷ್ಟೇ. ಸಂಬಂಧಿಕರು ಯಾರಾದ್ರೂ ಸಿಕ್ಕಿದ್ರೆ ಮಗು ಅವರ ಹತ್ರ ಹೋಗುತ್ತೆ. ಎರಡು ವರ್ಷ ಯಾರೂ ಬರಲಿಲ್ಲ ಅಂದ್ರೆ ಆಮೇಲೆ ನೀವು ದತ್ತು ತಗೊಳ್ಳೋಕೆ ಅರ್ಜಿ ಹಾಕಬಹುದು," ಎಂದಳು. ಇಬ್ಬರೂ ತಲೆಯಾಡಿಸಿದರು. ಹದಿಮೂರು ವರ್ಷ ಕಾದವರಿಗೆ ಎರಡು ವರ್ಷ ಏನು ಮಹಾ ಅನ್ನಿಸಿತ್ತು.

ಮೌನಿಕ ಹೆಚ್ಚು ಮಾತಾಡುತ್ತಿರಲಿಲ್ಲ. ಆಡಿದರೆ ಅರ್ಧ ತೆಲುಗು, ಅರ್ಧ ಕನ್ನಡ. ಅಂಜನ್ ಕುಮಾರನ ತಾಯಿಯ ತವರು ಪಾವಗಡದ ಕಡೆ. ಅವನಿಗೆ ತೆಲುಗು ಬರುತ್ತಿತ್ತು. ಕೊರಟಗೆರೆಯಲ್ಲಿ ಬೆಳೆದ ಆಶಾರಾಣಿಗೆ ನಾಲ್ಕು ಮಾತು ಮಾತ್ರ. ಅಪ್ಪ ಅಮ್ಮ ಅನ್ನು ಎಂದು ಮಗುವಿಗೆ ಹೇಳಿಕೊಡಬೇಡಿ, ಅದಾಗಿಯೇ ಕರೆದರೆ ಕರೆಯಲಿ ಎಂದು ತೇಜಸ್ವಿನಿ ಹೇಳಿದ್ದಳು. ಮೌನಿಕ ಅವನನ್ನು ಹಲ್ಲು ಮಾಮ ಎಂದಳು. ಆಶಾರಾಣಿಯನ್ನು, ಬೀದಿಯವರು ಕರೆಯುವುದನ್ನು ಕೇಳಿ, ಮೇಡಮ್ಮ ಎಂದಳು. ಆ ಹೆಸರಿನಲ್ಲಿ ಅಮ್ಮ ಎನ್ನುವ ಮಾತೂ ಇದೆಯಲ್ಲ ಎಂದು ಆಶಾರಾಣಿ ಒಮ್ಮೆ ನಕ್ಕಳು.

ಮಗುವಿಗೆ ಒಂದು ಅಭ್ಯಾಸವಿತ್ತು. ಕೈಗೆ ಸಿಕ್ಕಿದ್ದನ್ನು ಬೀಳಿಸುವುದು. ಹಠಕ್ಕಲ್ಲ, ಸಿಟ್ಟಿಗೂ ಅಲ್ಲ. ಲೋಟ, ಕನ್ನಡಿ, ಅಂಜನ್ ಕುಮಾರನ ಫೋನು, ಯಾವುದೇ ಆಗಲಿ, ಎದೆಯೆತ್ತರಕ್ಕೆ ಹಿಡಿದು ಬಿಡುವಳು. ಒಡೆದರೆ ಕುಕ್ಕರುಗಾಲಲ್ಲಿ ಕೂತು ಚೂರುಗಳನ್ನು ನೋಡುವಳು. ಬೈದರೂ ನೋಡುವಳು, ಬೈಯದಿದ್ದರೂ ನೋಡುವಳು. ಆಶಾರಾಣಿ ಮದುವೆಯಲ್ಲಿ ಬಂದ ಪಿಂಗಾಣಿ ಕಪ್ಪುಗಳನ್ನು ಅಟ್ಟಕ್ಕೆ ಹಾಕಿ ಮನೆಗೆಲ್ಲ ಸ್ಟೀಲು ತಂದಳು.

ಶಾಲೆ ಮುಗಿಸಿ ಬಂದ ಮೇಲೆ ಮೌನಿಕ ಅವನ ಕೆಲಸದ ಮೇಜಿನ ಕೆಳಗೆ ಕೂರುತ್ತಿದ್ದಳು. ಮೇಣದ ತುಂಡು ಬಿದ್ದರೆ ಆಯ್ದುಕೊಳ್ಳುತ್ತಿದ್ದಳು. ಒಂದು ಸಂಜೆ ಆ ತುಂಡುಗಳನ್ನೆಲ್ಲ ಕೂಡಿಸಿ ಮಾಡಿದ ಒಂದು ಪ್ರಾಣಿಯನ್ನು ಮೇಜಿನ ಮೇಲಿಟ್ಟಳು. ಅಂಗೈಯಷ್ಟು ದೊಡ್ಡದು. ಒಂದು ಮಗ್ಗುಲಿಗೆ ನಾಲ್ಕು ಕಾಲು, ಇನ್ನೊಂದಕ್ಕೆ ಮೂರು. ಬೆನ್ನ ಮೇಲೆ ಡುಬ್ಬ. ಎರಡು ಕಣ್ಣಿದ್ದವು, ಬಾಯಿ ಇರಲಿಲ್ಲ.

"ಇದೇನಮ್ಮ ಇದು?" ಎಂದು ಕೇಳಿದ.

"ಡುಬ್ಬಕ್ಕ."

"ಬೆನ್ನ ಮೇಲೆ ಏನೈತೆ?"

"ದಾನಿ ಪಾಪ." ಅದರ ಮಗು.

"ಬಾಯೇ ಇಲ್ವಲ್ಲ, ಅನ್ನ ಹೆಂಗೆ ತಿಂತೈತೆ?"

"ತಿನದು. ದಾನಿಕಿ ಆಕಲೆಯ್ಯದು," ಎಂದಳು. ತಿನ್ನುವುದಿಲ್ಲ, ಅದಕ್ಕೆ ಹಸಿವಾಗುವುದಿಲ್ಲ.

ಅವನು ಅದನ್ನು ಹೆಂಡತಿಗೆ ಹೇಳಿದ. ಮಾರನೆಯ ದಿನದಿಂದ ಆಶಾರಾಣಿ ಮಗುವಿನ ಬ್ಯಾಗಿನಲ್ಲಿ ಒಂದರ ಬದಲು ಎರಡು ಊಟದ ಡಬ್ಬಿ ಇಡತೊಡಗಿದಳು.

ಡುಬ್ಬಕ್ಕ ಎಲ್ಲ ಕಡೆಗೂ ಮೌನಿಕಳ ಜೊತೆ ಹೋಗುತ್ತಿತ್ತು. ಅದೊಂದನ್ನು ಮಾತ್ರ ಅವಳು ಬೀಳಿಸುತ್ತಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಒಂದು ದಿನ ಅದನ್ನು ಕಿಟಕಿಯ ಕಟ್ಟೆ ಮೇಲೆ ಮರೆತು ಶಾಲೆಗೆ ಹೋದಳು. ಮಧುಗಿರಿಯ ಬಿಸಿಲು, ಬೆಟ್ಟ ಕಾದರೆ ಊರಿಗೆ ಊರೇ ಕಾಯುತ್ತದೆ. ಸಂಜೆ ಬಂದಾಗ ಕಟ್ಟೆಯ ಮೇಲೆ ಗುಲಾಬಿ ಬಣ್ಣದ ಅಂಟು ಹರಡಿತ್ತು. ಮೌನಿಕ ಅಳಲಿಲ್ಲ. ಮಂಚದ ಕೆಳಗೆ ಹೋಗಿ ಮಲಗಿದಳು. ಮೂರು ದಿನ ಊಟಕ್ಕೆ ಕರೆದಾಗ ಮಾತ್ರ ಹೊರಬಂದಳು, ತಿಂದು ಮತ್ತೆ ಒಳಗೆ ಹೋದಳು.

ಅವಳು ಮತ್ತೆ ಮೇಣ ಮುಟ್ಟಲಿಲ್ಲ. ಅಂಜನ್ ಕುಮಾರ್ ತನಗೆ ನೆನಪಿದ್ದ ಹಾಗೆ ಪ್ಲಾಸ್ಟರಿನಲ್ಲಿ ಒಂದನ್ನು ಕೆತ್ತಿ ಕೊಟ್ಟ. ಅವಳು ತಿರುಗಿಸಿ ನೋಡಿ, ಎದೆಯೆತ್ತರಕ್ಕೆ ಹಿಡಿದು, ಬಿಟ್ಟಳು. ಕಾಲುಗಳು ಒಂದು ಕಡೆ, ಡುಬ್ಬ ಒಂದು ಕಡೆ. "ಇದೀ ಪೋಯಿಂದಿ," ಎಂದಳು. ಇದೂ ಹೋಯಿತು. ಆಶ್ಚರ್ಯವಿಲ್ಲದ ದನಿ. ತನಗೆ ಮೊದಲೇ ಗೊತ್ತಿದ್ದ ಸಂಗತಿಯನ್ನು ದೊಡ್ಡವರಿಗೆ ತಿಳಿಸುವವಳ ಹಾಗೆ ಹೇಳಿದ್ದಳು.

ಆ ದನಿ ಅವನ ತಲೆಯಿಂದ ಹೋಗಲಿಲ್ಲ. ಕರಗದ್ದು, ಒಡೆಯದ್ದು ಒಂದಾದರೂ ಇವಳ ಕೈಯಲ್ಲಿ ಇರಬೇಕು ಅನ್ನಿಸಿತು. ಸಿಲಿಕೋನ್ ಅವನಿಗೆ ಹೊಸದಲ್ಲ. ದವಡೆಯ ಅಳತೆ ತೆಗೆಯುವುದಕ್ಕೆ ಬಳಸುತ್ತಾರೆ. ಆದರೆ ಆಟಿಕೆ ಎರಕ ಹೊಯ್ಯುವ ಸಿಲಿಕೋನ್ ಬೇರೆ. ಪಾಯಸದ ಹಾಗೆ ಇರುತ್ತದೆ, ಗಟ್ಟಿ ಮಾಡುವ ದ್ರವ ಕಲಸಿ ಹುಯ್ದರೆ ಕೆಲವು ಗಂಟೆಗಳಲ್ಲಿ ರಬ್ಬರಿನಂತಾಗುತ್ತದೆ. ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿದ, ಬೆಂಗಳೂರಿನಿಂದ ಎರಡು ಡಬ್ಬಿ ತರಿಸಿದ, ಬಣ್ಣಗಳನ್ನೂ ತರಿಸಿದ. ಮೌನಿಕಳ ಮುಂದೆ ಮೇಣದ ಹಾಳೆ ಇಟ್ಟು, "ಇದೊಂದೇ ಸಲ ಮಾಡ್ಕೊಡು. ಆಮೇಲೆ ಹೋಗದಂಗೆ ಮಾಡ್ತೀನಿ," ಎಂದ. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಎರಡು ದಿನ ಬಿಟ್ಟು ಮಾಡಿಕೊಟ್ಟಳು.

ಅದನ್ನು ಪ್ಲಾಸ್ಟರಿನಲ್ಲಿ ಅರ್ಧ ಹೂತು, ಗಟ್ಟಿಯಾದ ಮೇಲೆ ಉಳಿದರ್ಧಕ್ಕೆ ಇನ್ನೊಂದು ಪ್ಲಾಸ್ಟರ್ ಹುಯ್ದ. ಎರಡು ಭಾಗದ ಅಚ್ಚು. ಒಂದರಲ್ಲಿ ನಾಲ್ಕು ಕಾಲಿನ ಗುಳಿ, ಇನ್ನೊಂದರಲ್ಲಿ ಮೂರರದ್ದು. ಸೆಟ್ಟು ಮಾಡುವಾಗ ಮಾಡುವಂತೆಯೇ ಕುದಿಯುವ ನೀರಿಗೆ ಹಾಕಿ ಮೇಣವನ್ನು ಕರಗಿಸಿ ತೆಗೆದ. ಮೌನಿಕ ಸ್ಟೂಲಿನ ಮೇಲೆ ನಿಂತು ಪಾತ್ರೆಯೊಳಗೆ ಇಣುಕಿದಳು.

"ಡುಬ್ಬಕ್ಕ ಎಲ್ಲೋಯ್ತು?"

"ಮೇಣ ಹೋಯ್ತು ಕಣಮ್ಮ. ಅದರ ಜಾಗ ಐತೆ, ನೋಡು." ಅವಳ ಬೆರಳು ಹಿಡಿದು ಗುಳಿಯ ಮೇಲೆ ಆಡಿಸಿದ. ಡುಬ್ಬದ ಜಾಗದಲ್ಲಿ ಅವಳ ಉಗುರು ಒತ್ತಿದ್ದ ಗೆರೆಯೂ ಪ್ಲಾಸ್ಟರಿನಲ್ಲಿ ಮೂಡಿತ್ತು. ಅವಳು ಅದಕ್ಕೆ ತನ್ನ ಉಗುರನ್ನು ಹೊಂದಿಸಿ ನೋಡಿದಳು.

ಬಣ್ಣ ಯಾವುದು ಬೇಕು ಎಂದದ್ದಕ್ಕೆ ಅವಳು ಮನೆಯೆಲ್ಲ ಓಡಾಡಿ ತೋರಿಸಿದಳು. ಒಂದು ಕಾಲು ಕುಂಕುಮ. ಒಂದು ನಿಂಬೆಹಣ್ಣು. ಒಂದು ಎದುರು ಮನೆಯ ಗಿಳಿ. ಒಂದು ಮೇಡಮ್ಮನ ಬದನೆಕಾಯಿ ಬಣ್ಣದ ಸೀರೆ. ಮೂರು ಕಾಲಿನ ಮಗ್ಗುಲಿಗೆ ಇಟ್ಟಿಗೆ, ಸ್ಲೇಟು. ಕೊನೆಯದಕ್ಕೆ ನಲ್ಲಿ ತಿರುಗಿಸಿ ನೀರು ತೋರಿಸಿದಳು. ಮೈ ಮಾತ್ರ ಮೇಣದ ಬಣ್ಣವೇ ಇರಬೇಕು. ಬೆನ್ನ ಮೇಲಿನ ಮಗು ಬಿಳಿ.

ಮೊದಲನೆಯ ಸಲ ಅವನು ಅವಸರ ಮಾಡಿದ. ಎಲ್ಲ ಬಣ್ಣವನ್ನೂ ಒಂದೇ ದಿನ ಹುಯ್ದ. ಅಚ್ಚು ಬಿಚ್ಚಿದರೆ ಬಣ್ಣಗಳೆಲ್ಲ ಒಂದರೊಳಗೊಂದು ಹರಿದು ಸಗಣಿಯ ಬಣ್ಣವಾಗಿತ್ತು. ಮೈಮೇಲೆ ಸಿಡುಬಿನ ಕಲೆಯಂಥ ಗಾಳಿಗುಳ್ಳೆ. "ಇದಿ ಕಾದು," ಎಂದಳು ಮೌನಿಕ. ಇದಲ್ಲ. ಆದರೆ ಅವಳು ಮಂಚದ ಕೆಳಗೆ ಹೋಗಲಿಲ್ಲ. ಆ ಸಗಣಿ ಬಣ್ಣದ್ದನ್ನು ನೆಲಕ್ಕೆ ಬಿಟ್ಟಳು. ಅದು ಪುಟಿದು ಮೇಜಿನ ಕಾಲಿಗೆ ಬಡಿಯಿತು. ಮತ್ತೆ ಎತ್ತಿಕೊಂಡು ಬಿಟ್ಟಳು. ಹತ್ತು ಸಲ, ಇಪ್ಪತ್ತು ಸಲ. ಆ ಮೇಲೆ ಅವನ ಕಡೆ ತಿರುಗಿ, "ಮಾಮ, ಇಂಕೊಕಟಿ ಚೆಯ್ಯಿ," ಎಂದಳು. ಇನ್ನೊಂದು ಮಾಡು. ಆ ಮನೆಗೆ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ ಮೊದಲನೆಯ ವಸ್ತು ಅದು.

ಎರಡನೆಯ ಸಲ ದಿನಕ್ಕೊಂದು ಕಾಲು ಎಂದು ಗೊತ್ತು ಮಾಡಿದರು. ಅಚ್ಚಿನ ಒಂದು ಭಾಗವನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಸಿಲಿಕೋನ್ ಅಂಟದಂತೆ ಸೆಟ್ಟಿಗೆ ಬಳಿಯುವ ದ್ರವ ಬಳಿದು, ಕಾಲಿನ ಗುಳಿಗೆ ಸೂಜಿಯಿಲ್ಲದ ಸಿರಿಂಜಿನಿಂದ ಬಣ್ಣ ತುಂಬುವುದು. ಸಿರಿಂಜು ಹಿಡಿಯುವವಳು ಮೌನಿಕ, ಅವಳ ಕೈ ಹಿಡಿಯುವವನು ಅವನು. ಬದನೆಕಾಯಿ ಬಣ್ಣ ಹದಕ್ಕೆ ಬರಲಿಲ್ಲವೆಂದು ಆಶಾರಾಣಿಯ ಸೀರೆಯ ಸೆರಗನ್ನೇ ಮೇಜಿನ ಮೇಲೆ ಹರಡಿಕೊಂಡು ಕಲಸಿದರು. ಅವಳು ಸೀರೆಗೆ ತಾಗಿಸುತ್ತೀರಿ ಎಂದು ಗದರಿಕೊಳ್ಳುತ್ತ ಅಲ್ಲೇ ನಿಂತಿದ್ದಳು. ಮಗು ಬಂದು ಆಗ ಹದಿನಾಲ್ಕು ತಿಂಗಳಾಗಿತ್ತು. ಎರಡು ವರ್ಷಕ್ಕೆ ಇನ್ನು ಹತ್ತೇ ತಿಂಗಳು ಎಂದು ಆಶಾರಾಣಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಲಿಲ್ಲ, ಮನಸ್ಸಿನಲ್ಲಿ ಎಣಿಸುತ್ತಿದ್ದಳು.

ಆರನೆಯ ಕಾಲು, ಸ್ಲೇಟಿನ ಬಣ್ಣದ್ದು, ತುಂಬಿದ ದಿನ ಸಂಜೆ ತೇಜಸ್ವಿನಿಯ ಫೋನು ಬಂತು.

"ಸಾರ್, ಮೇಡಂ ಪಕ್ಕದಲ್ಲಿದ್ದಾರಾ? ಸ್ಪೀಕರಿಗೆ ಹಾಕಿ," ಎಂದಳು. "ಮೌನಿಕಳ ಅಜ್ಜಿ ಸಿಕ್ಕಿದ್ದಾರೆ. ತಾಯಿಯ ತಾಯಿ. ದಾಖಲೆ ಎಲ್ಲ ನೋಡಿದೀವಿ, ಸರಿಯಾಗಿವೆ. ಮನೆಗೂ ಹೋಗಿ ಬಂದೆ. ಬಡವರು, ಆದ್ರೆ ಒಳ್ಳೆ ಜನ. ಮಕ್ಕಳ ಕಲ್ಯಾಣ ಸಮಿತಿಯವರು ಮಗುನ ಅವರಿಗೇ ಕೊಡೋದು ಅಂತ ಮಾಡಿದಾರೆ."

ಆಶಾರಾಣಿ ಫೋನಿನ ಕಡೆ ನೋಡುತ್ತ, "ಯಾವತ್ತು?" ಎಂದಷ್ಟೇ ಕೇಳಿದಳು.

"ಗುರುವಾರ ಅಜ್ಜಿನ ನಿಮ್ಮನೆಗೇ ಕರ್ಕೊಂಡು ಬರ್ತೀನಿ. ನಿಮ್ಮ ಮನೇಲೇ ನೋಡಿದ್ರೆ ಮಗು ಹೆದರಲ್ಲ."

ಗುರುವಾರಕ್ಕೆ ಮೂರು ದಿನವಿತ್ತು. ಮಾರನೆಯ ದಿನ ಅಂಜನ್ ಕುಮಾರ್ ನೀರಿನ ಬಣ್ಣದ ಕಾಲಿಗೆ ಸಿಲಿಕೋನ್ ಕಲಸಲಿಲ್ಲ. ಯಾಕೆ ಎಂದು ಮೌನಿಕ ಕೇಳಿದಳು. ಕೆಲಸ ಇದೆ, ಆಮೇಲೆ ಎಂದ. ನಿಜವಾಗಿ, ಕೊನೆಯ ಕಾಲು ತುಂಬಿ ಮುಗಿಸುವುದಕ್ಕೆ ಅವನಿಗೆ ಧೈರ್ಯವಾಗಿರಲಿಲ್ಲ.

ಅಜ್ಜಿಯ ಹೆಸರು ರಾಮಾಂಜಿನಮ್ಮ. ಅರವತ್ತು ದಾಟಿರಬಹುದು, ಒಣಗಿದ ಮೈ. ಒಳಗೆ ಬಂದವಳು ಕುರ್ಚಿಯ ಮೇಲೆ ಕೂರಲಿಲ್ಲ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಪ್ಲಾಸ್ಟಿಕ್ ಕವರಿನಿಂದ ಮಗಳ ಒಂದು ಫೋಟೊ ತೆಗೆದು ಆಶಾರಾಣಿಯ ಕೈಗೆ ಕೊಟ್ಟಳು. ಮೌನಿಕಳ ಕಣ್ಣು, ಮೌನಿಕಳ ಹಣೆ.

"ನನ್ ಮಗಳು ಈ ಮಗೀನ ಕರ್ಕೊಂಡು ಹೇಳ್ದೆ ಕೇಳ್ದೆ ಹೊರಟೋದ್ಲಮ್ಮ," ಎಂದಳು. "ನಾನು ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಾಕೆ ಹೋಗಿದ್ದೆ, ಆಮೇಲೆ ಇಟ್ಟಿಗೆ ಗೂಡಿಗೆ. ಸತ್ತೋದ್ಲು ಅನ್ನೋದೇ ಗೊತ್ತಿಲ್ಲ. ಈ ಸಲ ಪಾವಗಡದ ಸಂತೇಲಿ ಒಬ್ಬಳು ಹೇಳಿದ್ಲು. ಪಿಲ್ಲ ಎಲ್ಲಿ ಅಂತ ಮೂರು ತಿಂಗಳು ತಿರುಗಿದೀನಿ."

ಮೌನಿಕ ಒಳಬಾಗಿಲಿನಲ್ಲಿ ನಿಂತಿದ್ದಳು. ಮುದುಕಿ ಅವಳನ್ನು ಕಂಡು ಏಳಲಿಲ್ಲ, ಓಡಿ ಹೋಗಿ ಹಿಡಿದುಕೊಳ್ಳಲಿಲ್ಲ. ಕೂತಲ್ಲಿಂದಲೇ, "ಮೌನೀ, ನಾ ಬಂಗಾರೂ," ಎಂದಳು. ಮಗು ಗೋಡೆ ಹಿಡಿದುಕೊಂಡು ಹತ್ತಿರ ಬಂತು. ಮುದುಕಿಯ ಸೆರಗಿನ ತುದಿ ಎತ್ತಿ ಮೂಸಿತು. ಮತ್ತೊಮ್ಮೆ ಮೂಸಿ, ಪಕ್ಕದಲ್ಲಿ ಕೂತು, ತಲೆಯನ್ನು ಅವಳ ತೊಡೆಗೆ ಇಟ್ಟಿತು. ಮಧ್ಯಾಹ್ನ ಹನ್ನೆರಡು ಗಂಟೆ. ಹತ್ತು ನಿಮಿಷದಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಯಿತು.

ಹದಿನಾಲ್ಕು ತಿಂಗಳಲ್ಲಿ ಆ ಮಗು ಆಶಾರಾಣಿಯ ತೊಡೆಯ ಮೇಲೆ ಒಂದು ಸಲವೂ ಮಲಗಿರಲಿಲ್ಲ. ಅವಳು ಅದನ್ನು ನೋಡುತ್ತ ನಿಂತಳು. ಆಮೇಲೆ ಮುದುಕಿಯ ಎದುರು ತಾನೂ ನೆಲದ ಮೇಲೆ ಕೂತಳು.

"ಅಜ್ಜಿ, ನೀವೂ ಇಲ್ಲೇ ಇದ್ಬುಡಿ," ಎಂದಳು. "ಮಹಡಿ ಮೇಲೆ ರೂಮೈತೆ. ಯಾರೂ ಇಲ್ಲ. ನಿಮ್ಮನ್ನ ನಾನು ನೋಡ್ಕೊಂತೀನಿ. ಅವಳು ನಿಮ್ ಜೊತೇಲೇ ಮಲಗಲಿ, ನಿಮ್ಮನ್ನೇ ಅಮ್ಮ ಅನ್ನಲಿ. ಇಲ್ಲೇ ಓದ್ಲಿ."

ತೇಜಸ್ವಿನಿ ತಲೆ ತಗ್ಗಿಸಿದಳು. ರಾಮಾಂಜಿನಮ್ಮ ಮಗುವಿನ ಕೂದಲಲ್ಲಿ ಬೆರಳಾಡಿಸುತ್ತಿದ್ದಳು.

"ನನ್ ಮಗ ಅವ್ನೆ, ಸೊಸೆ ಅವ್ಳೆ, ಅವರ ಎರಡು ಮಕ್ಕಳು ಅವ್ವೆ. ನಾನಿಲ್ಲ ಅಂದ್ರೆ ಅವರು ಕೂಲಿಗೆ ಹೋಗಂಗಿಲ್ಲ," ಎಂದಳು. "ನೀನು ಒಳ್ಳೇವಳಮ್ಮ. ಪಿಲ್ಲನ ನೋಡಿದ್ರೇನೇ ಗೊತ್ತಾಯ್ತೈತೆ, ಕೆನ್ನೆ ತುಂಬೈತೆ. ಆದ್ರೆ ಇನ್ನೊಬ್ಬರ ಮನೇಲಿ ನಾನು ಹೆಂಗಿರ್ಲಿ? ಇವಳನ್ನ ಹೆಂಗೆ ಬಿಡ್ಲಿ? ಅವಳ ತಾಯಿದು ಅಂತ ನಂಗೆ ಉಳಿದಿರೋದು ಇದೊಂದೇ."

ಆಶಾರಾಣಿ ಫೋಟೊವನ್ನು ಅವಳ ಕೈಗೆ ವಾಪಸು ಕೊಟ್ಟಳು.

ಮಗು ಎದ್ದ ಮೇಲೆ ಊಟ ಮಾಡಿಸಿ, ಬಟ್ಟೆ ಪುಸ್ತಕಗಳನ್ನು ಎರಡು ಬ್ಯಾಗಿಗೆ ತುಂಬಿದರು. ಮೌನಿಕ ಮೇಜಿನ ಹತ್ತಿರ ಹೋಗಿ ಅಚ್ಚನ್ನು ನೋಡಿದಳು. ಆರು ಕಾಲು ತುಂಬಿತ್ತು, ಏಳನೆಯದು ಖಾಲಿ.

"ಮೈ ಇನ್ನೂ ಹುಯ್ದಿಲ್ಲ ಕಣಮ್ಮ," ಎಂದ ಅಂಜನ್ ಕುಮಾರ್. "ಮಾಡಿ ನಾನೇ ತಂದ್ಕೊಡ್ತೀನಿ."

ಅವಳು ಹೂಂ ಎಂದಳು. ತೇಜಸ್ವಿನಿಯ ಜೀಪು ಹತ್ತುವಾಗ ಅಜ್ಜಿಯ ಸೆರಗು ಹಿಡಿದಿದ್ದಳು. ಆಶಾರಾಣಿ ಗೇಟಿನವರೆಗೂ ಬರಲಿಲ್ಲ.

ಅದಾದ ನಾಲ್ಕನೆಯ ದಿನ ಅವನು ಬಣ್ಣ ಹಾಕದ ಸಿಲಿಕೋನ್ ಕಲಸಿ ಏಳನೆಯ ಕಾಲು ತುಂಬಿದ. ಮಾರನೆಯ ದಿನ ಅಚ್ಚಿನ ಎರಡೂ ಭಾಗಗಳನ್ನು ಜೋಡಿಸಿ ಬಿಗಿಯಾಗಿ ಕಟ್ಟಿ, ತಲೆಕೆಳಗು ಮಾಡಿ, ಹೊಟ್ಟೆಯ ಕಡೆ ಬಿಟ್ಟಿದ್ದ ತೂತಿನಿಂದ ಮೊದಲು ಬೆನ್ನ ಮೇಲಿನ ಮಗುವಿಗೆ ಬೇಕಾದಷ್ಟು ಬಿಳಿಯನ್ನು ಹುಯ್ದ. ಅದು ಗಟ್ಟಿಯಾದ ಮೇಲೆ ಗುಲಾಬಿ. ಗುಳ್ಳೆ ಏಳದಂತೆ ನೂಲಿನಷ್ಟು ಸಣ್ಣ ಧಾರೆಯಲ್ಲಿ, ನಿಧಾನವಾಗಿ. ಬಾಗಿಲಲ್ಲಿ ಬಂದು ನಿಂತ ಆಶಾರಾಣಿ, "ಯಾರಿಗೆ ಅಂತ ಮಾಡ್ತಿದೀರಾ?" ಎಂದು ಕೇಳಿದಳು.

"ಕೊಡ್ತೀನಿ ಅಂದಿದೀನಿ."

"ನಾನೂ ಏನೇನೋ ಅಂದ್ಕೊಂಡಿದ್ದೆ," ಎಂದು ಅವಳು ಒಳಗೆ ಹೋದಳು.

ಅಚ್ಚು ಬಿಚ್ಚಿದಾಗ ಡುಬ್ಬಕ್ಕ ಇಡಿಯಾಗಿ ಬಂತು. ಕಾಲುಗಳ ಬಣ್ಣ ಒಂದಕ್ಕೊಂದು ಹರಿದಿರಲಿಲ್ಲ. ನೀರಿನ ಕಾಲಿನೊಳಗಿಂದ ಕಿಟಕಿಯ ಬೆಳಕು ಕಾಣುತ್ತಿತ್ತು. ಎರಡು ಭಾಗ ಸೇರಿದ ಕಡೆ ಬೆನ್ನಿನುದ್ದಕ್ಕೂ ಒಂದು ತೆಳ್ಳನೆಯ ಗೆರೆ, ಅದರ ಪಕ್ಕದಲ್ಲಿ ಮಗುವಿನ ಉಗುರಿನ ಗುರುತು. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಅಷ್ಟು ಚೊಕ್ಕವಾಗಿ ಅವನು ಯಾವುದನ್ನೂ ಎರಕ ಹೊಯ್ದಿರಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಕೂತ. ಅದು ಮೈಯ ಬಿಸಿ ತಗೊಂಡು ಬೆಚ್ಚಗಾಯಿತು. ಅವನಿಗೆ ಅದನ್ನು ಕೆಳಗಿಡಬೇಕೆನ್ನಿಸಿತು, ಇಡಲಾಗಲಿಲ್ಲ. ಆಶಾರಾಣಿ ಅದನ್ನು ನೋಡಿದಳು, ಮುಟ್ಟಲಿಲ್ಲ.

ಮಗು ಹೊಸ ಜಾಗಕ್ಕೆ ಒಗ್ಗಿಕೊಳ್ಳಲಿ, ಎರಡು ತಿಂಗಳು ಹೋಗಬೇಡಿ ಎಂದು ತೇಜಸ್ವಿನಿ ಹೇಳಿದ್ದಳು. ಎರಡು ತಿಂಗಳು ಕಾದರು. ಅಕ್ಟೋಬರಿನ ಒಂದು ಭಾನುವಾರ, ತೇಜಸ್ವಿನಿಯಿಂದ ಅಜ್ಜಿಗೆ ಫೋನು ಮಾಡಿಸಿ, ಪಾವಗಡದ ಬಸ್ಸು ಹತ್ತಿದರು. ಆಶಾರಾಣಿ ಬರುವುದಿಲ್ಲ ಎಂದವಳು ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು, ಬದನೆಕಾಯಿ ಬಣ್ಣದ ಸೀರೆ ಉಟ್ಟಿದ್ದಳು. ಎರಡು ಡಬ್ಬಿ ತುಂಬ ಚಕ್ಕುಲಿ, ಒಂದು ಫ್ರಾಕು ತೆಗೆದುಕೊಂಡಿದ್ದಳು. ಡುಬ್ಬಕ್ಕನನ್ನು ಅಂಜನ್ ಕುಮಾರ್ ಒಂದು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ.

ಪಾವಗಡದಿಂದ ಆಟೋದಲ್ಲಿ ಹೋದರು. ರಸ್ತೆಯ ಎರಡೂ ಕಡೆ ಸೋಲಾರ್ ಪಾರ್ಕಿನ ಬೇಲಿ ಮುಗಿಯುವಲ್ಲಿ ಊರು. ರಾಮಾಂಜಿನಮ್ಮನ ಮನೆ ಶೀಟಿನದು, ಮುಂದೆ ಬೇವಿನ ಮರ. ಮೂರು ಮಕ್ಕಳು ಮರದ ಕೆಳಗೆ ಆಡುತ್ತಿದ್ದರು. ಮೌನಿಕ ಸೊರಗಿದ್ದಳು, ಕಪ್ಪಾಗಿದ್ದಳು, ಆದರೆ ಜೋರಾಗಿ ಮಾತಾಡುತ್ತಿದ್ದಳು. ಅವಳ ದನಿ ಅಷ್ಟು ದೊಡ್ಡದು ಎಂದು ಅವರಿಗೆ ಗೊತ್ತೇ ಇರಲಿಲ್ಲ. ಇನ್ನೊಬ್ಬ ಹುಡುಗಿಗೆ ತೆಲುಗಿನಲ್ಲಿ ಏನೋ ಬೈಯುತ್ತಿದ್ದಳು.

ಆಟೋ ನಿಂತಿತು. ಅವಳು ತಿರುಗಿ ನೋಡಿದಳು. ನೋಡಿದವಳ ಮಾತು ಅಲ್ಲೇ ನಿಂತಿತು.

ಆಶಾರಾಣಿ, "ಮೌನೀ," ಎಂದು ಎರಡು ಹೆಜ್ಜೆ ಮುಂದೆ ಹೋದಳು. ಮಗು ಹಿಂದಕ್ಕೆ ಸರಿಯಿತು. ಇನ್ನೊಂದು ಹೆಜ್ಜೆ. ಮಗು ತಿರುಗಿ ಓಡಿ ಮನೆಯೊಳಗೆ ಹೋಯಿತು. ಒಳಗೆ ಪಾತ್ರೆ ಬಿದ್ದ ಸದ್ದು. ಆಮೇಲೆ ಅವಳು ಕಿರುಚಿದ್ದು ಕೇಳಿಸಿತು, "ಅವ್ವಾ, ಅವ್ವಾ" ಎಂದು. ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ಹದಿನಾಲ್ಕು ತಿಂಗಳಲ್ಲಿ ಅವರು ಆ ಮಗು ಕಿರುಚಿದ್ದನ್ನು ಕೇಳಿರಲಿಲ್ಲ.

ರಾಮಾಂಜಿನಮ್ಮ ಹೊರಗೆ ಬಂದಳು. ಮೌನಿಕ ಅವಳ ಸೊಂಟಕ್ಕೆ ಎರಡೂ ಕೈ ಬಿಗಿದು ಹಿಂದೆ ಅಡಗಿದ್ದಳು. ಮುದುಕಿ ನಡೆದರೆ ತಾನೂ ಹಾಗೇ ನಡೆಯುತ್ತಿದ್ದಳು. ಮುದುಕಿ ಚಾಪೆ ಹಾಸಿದಳು, ನೀರು ಕೊಟ್ಟಳು.

"ಜೀಪಿನೋರು ಬಂದವ್ರೆ ಅಂದ್ಕೊಂಡವ್ಳೆ," ಎಂದಳು. "ಯಾವ ಗಾಡಿ ನಿಂತ್ರೂ ಇಂಗೇ. ಬೇಜಾರ್ ಮಾಡ್ಕೊಬ್ಯಾಡಿ."

ಅಂಜನ್ ಕುಮಾರ್ ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ. ಡುಬ್ಬಕ್ಕನನ್ನು ಚಾಪೆಯ ಮೇಲಿಟ್ಟು ತಾನು ಹಿಂದೆ ಸರಿದು ಕೂತ. ಇನ್ನಿಬ್ಬರು ಮಕ್ಕಳು ಬಗ್ಗಿ ನೋಡಿದರು. ಮುದುಕಿಯ ಸೊಂಟದ ಪಕ್ಕದಿಂದ ಒಂದು ಕಣ್ಣು ಕಾಣಿಸಿತು. ಆ ಕಣ್ಣು ಕಾಲಿನಿಂದ ಕಾಲಿಗೆ ಹೋಗುವುದನ್ನು ಅವನು ನೋಡಿದ. ಕುಂಕುಮ, ನಿಂಬೆ, ಗಿಳಿ. ನೀರಿನ ಕಾಲಿನ ಹತ್ತಿರ ಅದು ನಿಂತಿತು. ಮುದುಕಿಯನ್ನು ಬಿಗಿದಿದ್ದ ಒಂದು ಕೈ ಸಡಿಲವಾಯಿತು. ಅವಳು ಗುರುತಿಸಿದ್ದಳು.

ಅವಳು ಅಜ್ಜಿಯ ಸೆರಗು ಜಗ್ಗಿ, ಮೆಲ್ಲಗೆ ಕೇಳಿದಳು: "ಅವ್ವಾ, ಇದಿ ತೀಸ್ಕುಂಟೆ ನೇನು ಪೋವಾಲಾ?"

ಇದನ್ನು ತೆಗೆದುಕೊಂಡರೆ ನಾನು ಹೋಗಬೇಕಾ.

"ಲೇದು ಬಂಗಾರೂ, ಪೋನಕ್ಕರ್ಲೇದು," ಎಂದಳು ಮುದುಕಿ. ಹೋಗಬೇಕಿಲ್ಲ. ಅಂಜನ್ ಕುಮಾರನೂ ಹಾಗೇ ಹೇಳಿದ, ತೆಲುಗಿನಲ್ಲೇ, ಎರಡು ಮೂರು ಸಲ. ನಾವು ಸುಮ್ಮನೆ ನೋಡಲು ಬಂದದ್ದು, ಈಗಲೇ ಹೋಗುತ್ತೇವೆ, ನೀನು ಇಲ್ಲೇ ಇರುತ್ತೀಯ. ಮೌನಿಕ ಅವನ ಮುಖವನ್ನು ನೋಡಿದಳು. ಪ್ರಾಣಿಯನ್ನು ನೋಡಿದಳು. ಮತ್ತೆ ಅವನ ಮುಖ.

"ವದ್ದು," ಎಂದಳು. ಬೇಡ. ಮತ್ತೆ ಅಜ್ಜಿಯ ಹಿಂದೆ ಹೋದಳು.

ಆಶಾರಾಣಿ ಚಕ್ಕುಲಿ ಡಬ್ಬಿಗಳನ್ನು, ಫ್ರಾಕನ್ನು ಮುದುಕಿಯ ಕೈಗೆ ಕೊಟ್ಟಳು. ಡುಬ್ಬಕ್ಕನನ್ನು ಬಿಟ್ಟು ಹೊರಡುವುದಕ್ಕೆ ಅಂಜನ್ ಕುಮಾರ್ ಎದ್ದ. ರಾಮಾಂಜಿನಮ್ಮ ಅದನ್ನು ಎತ್ತಿ ಅವನ ಕೈಗೇ ಇಟ್ಟಳು.

"ಇದು ಇಲ್ಲಿದ್ರೆ ಅವಳಿಗೆ ನಿದ್ದೆ ಬರಲ್ಲ ಸ್ವಾಮಿ. ಕರ್ಕೊಂಡೋಗಾಕೆ ಬರ್ತಾರೆ ಅಂತಾನೇ ಕಾಯ್ತಾ ಕೂತಿರ್ತಾಳೆ. ನೀವು ಬ್ಯಾಡ ಅಂತಲ್ಲ, ಈಗ್ಲೇ ಬರಬ್ಯಾಡಿ. ದೊಡ್ಡೋಳಾಗ್ಲಿ. ಆಮೇಲೆ ನಾನೇ ಕರ್ಕೊಂಡ್ ಬತ್ತೀನಿ." ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಅವಳು ಯಾರ ಮೇಲೂ ತಪ್ಪು ಹೊರಿಸುತ್ತಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಆಶಾರಾಣಿ ಕಿಟಕಿಯ ಪಕ್ಕ ಕೂತಿದ್ದಳು. ಬಸ್ಸು ಪಾವಗಡ ಬಿಟ್ಟು ಎಷ್ಟೋ ದೂರ ಬಂದ ಮೇಲೆ ಕೇಳಿದಳು.

"ಅಜ್ಜಿ ಹತ್ರ ಅವಳು ಏನೋ ಕೇಳಿದ್ಲಲ್ಲ. ಏನದು?"

"ಬೇಡ ಅಂದ್ಲು."

"ಅದು ನಂಗೂ ಗೊತ್ತಾಯ್ತು. ಅದಕ್ಕೆ ಮೊದ್ಲು?"

ಅವನು ಎದುರು ಸೀಟಿನ ಕಂಬಿಯನ್ನು ನೋಡಿದ. "ಇದು ಯಾರದು ಅಂತ ಕೇಳಿದ್ಲು," ಎಂದ.

ಅವಳು ಅವನ ಮುಖವನ್ನು ನೋಡಿದಳು. ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಸೀರೆಯ ಸೆರಗನ್ನು ಭುಜದ ಸುತ್ತ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಮಧುಗಿರಿಯಲ್ಲಿ ಇಳಿಯುವಾಗ ಅವಳ ಮುಖ ಊದಿತ್ತು.

ಅಂಜನ್ ಕುಮಾರನ ಕೋಣೆಯಲ್ಲಿ ಮೇಜಿನ ಕೆಳಗೆ ಒಂದು ಡ್ರಾಯರ್ ಇದೆ. ಸೆಟ್ಟಿಗೆ ಅಳತೆ ಕೊಟ್ಟು, ತೆಗೆದುಕೊಳ್ಳುವುದಕ್ಕೆ ಮೊದಲೇ ತೀರಿಕೊಂಡ ಮುದುಕರ ಹಲ್ಲುಗಳು ಅದರಲ್ಲಿರುತ್ತವೆ. ಇನ್ನೊಬ್ಬರ ಬಾಯಿಗೆ ಅವು ಹೊಂದುವುದಿಲ್ಲ, ಎಸೆಯಲೂ ಅವನಿಗೆ ಮನಸ್ಸು ಬರುವುದಿಲ್ಲ. ಡುಬ್ಬಕ್ಕನನ್ನು ಆ ಡ್ರಾಯರಿನಲ್ಲಿ ಇಟ್ಟ. ಅಚ್ಚನ್ನು ಸುತ್ತಿಗೆಯಿಂದ ಒಡೆದು, ಪ್ಲಾಸ್ಟರಿನ ಚೂರುಗಳನ್ನು ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿದ. ಆಶಾರಾಣಿ ಮಗುವಿನ ಕೋಣೆಯ ಬಾಗಿಲು ಹಾಕಿದಳು. ಇಬ್ಬರೂ ಕೆಲಸಕ್ಕೆ ಹೋದರು, ಬಂದರು, ಉಂಡರು. ಯಾರಾದರೂ ಕೇಳಿದರೆ, ಅವರ ಅಜ್ಜಿ ಮನೆಗೆ ಹೋದ್ಲು ಎನ್ನುತ್ತಿದ್ದರು. ಕೇಳುವವರಿಗೆ ಅದು ರಜೆಗೆ ಹೋದ ಹಾಗೆ ಕೇಳಿಸುತ್ತಿತ್ತು.

ಡಿಸೆಂಬರಿನಲ್ಲಿ ತೇಜಸ್ವಿನಿ ಫೋನು ಮಾಡಿದಳು. ಆಶಾರಾಣಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು, ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡಳು. ಅಂಜನ್ ಕುಮಾರ್ ಮುಂದಿನ ಕೋಣೆಯಲ್ಲಿ ಒಂದು ಕೆಳದವಡೆಗೆ ಮೇಣ ಕಟ್ಟುತ್ತಿದ್ದ.

"ಮೇಡಂ, ಒಂದು ಗಂಡು ಮಗು ಇದೆ. ಎರಡು ವರ್ಷ. ತುಂಬ ಪಾಪದ್ದು. ನಿಮ್ಮ ಹೆಸರೇ ಮೊದಲು ನೆನ್ಪಿಗೆ ಬಂತು."

"ಎಷ್ಟು ದಿನಕ್ಕೆ?" ಎಂದಳು ಆಶಾರಾಣಿ.

"ಅದನ್ನ ನಾನು ಹೇಳಕ್ಕಾಗಲ್ಲ ಮೇಡಂ. ನಿಮಗೆ ಸುಳ್ಳು ಹೇಳಲ್ಲ."

ಸೊಪ್ಪು ಬಿಡಿಸುವ ಸದ್ದು ನಿಂತಿತು. ಅಂಜನ್ ಕುಮಾರ್ ಬಿಸಿ ಚಾಕು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಎದ್ದು ಹೋಗಬಹುದಿತ್ತು. ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಅವಳು ಒಪ್ಪುತ್ತಿದ್ದಳೇನೋ.

"ನಮ್ ಕೈಲಿ ಆಗಲ್ಲ ತೇಜಸ್ವಿನಿಯವರೇ," ಎಂದಳು ಆಶಾರಾಣಿ. "ನಮ್ ಹೆಸರು ತೆಗೆದುಬುಡಿ."

ತೇಜಸ್ವಿನಿ ಇನ್ನೂ ಏನೋ ಹೇಳುತ್ತಿದ್ದಳು. ಆಶಾರಾಣಿ ಕೇಳಿಸಿಕೊಂಡು, ಹೂಂ, ಹೂಂ ಎಂದು, ಫೋನು ಇಟ್ಟಳು. ಚಾಕು ತಣ್ಣಗಾಗಿತ್ತು. ಅವನು ಅದನ್ನು ಮತ್ತೆ ದೀಪಕ್ಕೆ ಹಿಡಿದ.